ಹಾಸ್ಟೆಲ್‌ಗೆ ಹೊರಟಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ರಿಸಲ್ಟ್ ಬಂದ ವಾರದಿಂದ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಹಿರೇಕೆರೂರು ಕಡೆಯ ಹಳ್ಳಿಯಿಂದ ಧಾರವಾಡಕ್ಕೆ ಓದಲು ಹೋಗಿ ಐದು ವರ್ಷ ಹಾಸ್ಟೆಲ್ ಅನ್ನ ಉಂಡವಳು ನಾನು. ಡಿಗ್ರಿ ಮೂರು ವರ್ಷ, ಎಂ.ಎ. ಎರಡು. ಹಾಗಾಗಿ "ಅಕ್ಕಾ, ಹಾಸ್ಟೆಲ್‌ಗೆ ಏನು ಮಾಡಬೇಕು?" ಅಂತ ಊರಿನವರೆಲ್ಲ ನನ್ನನ್ನೇ ಕೇಳುತ್ತಾರೆ. ಅವರು ಕೇಳಿದ್ದನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನೇ ಹೇಳುತ್ತೇನೆ. ಈ ಸಲ ಬರೆದೇ ಇಟ್ಟುಬಿಡೋಣ ಅನ್ನಿಸಿತು.

ಕಾಲೇಜಲ್ಲಿ ಸೀಟು ಸಿಕ್ಕಿದೆ. ಹಾಸ್ಟೆಲ್ ತಾನಾಗಿಯೇ ಸಿಗುತ್ತೆ ಅಲ್ವಾ?

ಇಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಕಾಲೇಜಿನ ಅರ್ಜಿ ಬೇರೆ, ಹಾಸ್ಟೆಲ್ ಅರ್ಜಿ ಬೇರೆ. ಸರ್ಕಾರಿ ಹಾಸ್ಟೆಲ್‌ಗಂತೂ ಕಾಲೇಜಿಗೂ ಅದಕ್ಕೂ ಸಂಬಂಧವೇ ಇಲ್ಲ, ಅದನ್ನು ನಡೆಸುವುದು ಇಲಾಖೆ. ಕಾಲೇಜಿನ ಫೀ ಕಟ್ಟಿ, ಊರಿಗೆ ಬಂದು, ಆರಾಮಾಗಿ ಹದಿನೈದು ದಿನ ಕಳೆದು, ಆಮೇಲೆ ಹಾಸ್ಟೆಲ್ ವಿಚಾರಿಸುವವರು ಇದ್ದಾರೆ. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿದಿರುತ್ತದೆ. ಅಡ್ಮಿಷನ್ ರಸೀದಿ ಕೈಗೆ ಬಂದ ದಿನವೇ ಹಾಸ್ಟೆಲ್ ಕೆಲಸ ಶುರು ಮಾಡಿ.

ಯಾವ್ಯಾವ ಥರದ ಹಾಸ್ಟೆಲ್ ಇವೆ?

ಇಲಾಖೆಯವು ಮೊದಲು. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯದನ್ನು ಎಲ್ಲರೂ ಬಿಸಿಎಂ ಹಾಸ್ಟೆಲ್ ಅಂತಲೇ ಕರೆಯುತ್ತಾರೆ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳಿಗೂ ಅವರವರ ಹಾಸ್ಟೆಲ್‌ಗಳಿವೆ. ಬೋರ್ಡಿನ ಮೇಲೆ "ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯ" ಅಂತಿದ್ದರೆ ಅದು ಪಿಯುಸಿ, ಡಿಗ್ರಿ, ಅದಕ್ಕೂ ಮುಂದೆ ಓದುವವರದ್ದು. ಊಟ, ವಸತಿ ಎರಡೂ ಉಚಿತ.

ಆಮೇಲೆ ಕಾಲೇಜಿನ ಸ್ವಂತ ಹಾಸ್ಟೆಲ್, ಯೂನಿವರ್ಸಿಟಿ ಕ್ಯಾಂಪಸ್ ಒಳಗಿನ ಹಾಸ್ಟೆಲ್. ಇವಕ್ಕೆ ರೂಮ್ ಬಾಡಿಗೆ ಕಡಿಮೆ, ಮೆಸ್ ಬಿಲ್ ಬೇರೆ. ಮಠಗಳು ಮತ್ತು ಸಮಾಜದ ಸಂಘಗಳು ನಡೆಸುವುವು ಮೂರನೆಯವು. ಇದ್ಯಾವುದೂ ಆಗದಿದ್ದರೆ ಪಿಜಿ.

ನನ್ನನ್ನು ಕೇಳಿದರೆ, ಕ್ಯಾಂಪಸ್ ಒಳಗೆ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಗೋಡೆ ಸುಣ್ಣ ಕಂಡು ಎಷ್ಟೋ ವರ್ಷ ಆಗಿದ್ದರೂ ಪರವಾಗಿಲ್ಲ. ಲೈಬ್ರರಿ ಮುಚ್ಚುವವರೆಗೂ ಕೂತು ಓದಿ ನಡೆದುಕೊಂಡು ಬಂದು ಮಲಗಬಹುದು. ಊರ ಹೊರಗಿನ ಚಂದದ ಪಿಜಿಯಲ್ಲಿ ಆ ಅನುಕೂಲ ಇಲ್ಲ.

ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಎಲ್ಲಿ ಹಾಕಬೇಕು? ಯಾವ ಕಾಗದ ಬೇಕು?

ಆನ್‌ಲೈನ್. ಎಸ್‌ಎಚ್‌ಪಿ ಅಂತ ಹಾಸ್ಟೆಲ್‌ಗಳದ್ದೇ ಒಂದು ಪೋರ್ಟಲ್ ಇದೆ. ಸ್ಕಾಲರ್‌ಶಿಪ್ ಹಾಕುವ ಎಸ್‌ಎಸ್‌ಪಿ ಬೇರೆ, ಇದು ಬೇರೆ, ಗಲಿಬಿಲಿ ಮಾಡಿಕೊಳ್ಳಬೇಡಿ. ಆಧಾರ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಕಾಲೇಜಿನ ದಾಖಲಾತಿ ವಿವರ, ಬ್ಯಾಂಕ್ ಪಾಸ್‌ಬುಕ್, ಫೋಟೋ ಇಟ್ಟುಕೊಂಡು ಕೂರಿ. ಎಲ್ಲಕ್ಕಿಂತ ಮುಖ್ಯವಾದದ್ದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಮಾಡಿಸಿದ್ದು. ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ಒಂದು ನಂಬರ್ ಇರುತ್ತದೆ, ಪೋರ್ಟಲ್ ಕೇಳುವುದು ಅದನ್ನೇ. ಪತ್ರದ ಅವಧಿ ಮುಗಿದಿದೆಯಾ ಅಂತ ಮೇ ತಿಂಗಳಲ್ಲೇ ನೋಡಿಕೊಳ್ಳಿ. ಜೂನ್‌ನಲ್ಲಿ ನಾಡಕಚೇರಿ ಮುಂದೆ ಇಡೀ ತಾಲೂಕು ನಿಂತಿರುತ್ತದೆ.

ಆದಾಯದ ಮಿತಿ ಪ್ರವರ್ಗದಿಂದ ಪ್ರವರ್ಗಕ್ಕೆ ಬೇರೆ. ಆ ವರ್ಷದ ಪ್ರಕಟಣೆಯಲ್ಲಿ ಇರುವುದೇ ಲೆಕ್ಕ. ಹೋದ ವರ್ಷ ಪಕ್ಕದ ಮನೆಯವರಿಗೆ ಆಯ್ತು ಅನ್ನುವುದು ಲೆಕ್ಕಕ್ಕಿಲ್ಲ. ಹಾಸ್ಟೆಲ್ ಇರುವ ಊರಿನವರಿಗೇ ಸಾಮಾನ್ಯವಾಗಿ ಕೊಡುವುದಿಲ್ಲ.

ಹೆಸರಲ್ಲಿ ಒಂದಕ್ಷರ ವ್ಯತ್ಯಾಸ ಇದೆ. ನಡೆಯುತ್ತಾ?

ನಡೆಯಲ್ಲ ಅಂದುಕೊಂಡೇ ಹೊರಡಿ. ನನ್ನ ಕಥೆ ಕೇಳಿ. ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ಇನಿಷಿಯಲ್ ಇತ್ತು. ಆದಾಯ ಪತ್ರದಲ್ಲಿ ಅದು ಹೆಸರಿನ ಮುಂದೆ ಕೂತಿತ್ತು, ಜೊತೆಗೆ ಅಪ್ಪನ ಹೆಸರಿನಲ್ಲಿ ಒಂದು "ಪ್ಪ" ಹಾರಿಹೋಗಿತ್ತು. ಮೇಜಿನ ಆಚೆ ಕೂತವರು ಎರಡು ಕಾಗದವನ್ನೂ ಒಂದರ ಪಕ್ಕ ಒಂದಿಟ್ಟು, ಬೆರಳಿಟ್ಟು ತೋರಿಸಿ, "ಇವರು ಬೇರೆ, ಇವರು ಬೇರೆ" ಅಂದರು. ಅಪ್ಪ ಅಲ್ಲೇ ನಿಂತಿದ್ದಾರೆ! "ಸರ್, ಎರಡೂ ನಾನೇ" ಅಂದರು ಅಪ್ಪ. ಅವರು ನಗಲಿಲ್ಲ. ಸಂಜೆ ನಾಲ್ಕರವರೆಗೆ ಅಪ್ಪ ಆಫೀಸಿನ ಹೊರಗೆ ಟ್ರಂಕಿನ ಮೇಲೆ ಕೂತಿದ್ದರು. ಆಮೇಲೆ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆವು. ಮೂರು ದಿನ ದೂರದ ಸಂಬಂಧಿಕರ ಮನೆಯಲ್ಲಿ ಇದ್ದು ಮತ್ತೆ ಬಂದೆವು.

ಅದಕ್ಕೆ ಹೇಳುತ್ತೇನೆ, ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಆಧಾರ್‌ನಲ್ಲಿ, ಜಾತಿ-ಆದಾಯ ಪತ್ರದಲ್ಲಿ, ಬ್ಯಾಂಕಿನಲ್ಲಿ ಇರಲಿ. ಇನಿಷಿಯಲ್ ಎಲ್ಲಿದೆ, ಚುಕ್ಕೆ ಇದೆಯಾ, ಎಲ್ಲ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಿದ್ದಿಸುವುದು ಕಷ್ಟ. ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ.

ಹಾಸ್ಟೆಲ್ ಸಿಗಲಿಲ್ಲ. ಈಗ?

ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಕೈಬಿಡಬೇಡಿ. ಸೀಟು ಸಿಕ್ಕಿದವರು ಎಲ್ಲರೂ ಬರುವುದಿಲ್ಲ, ಇನ್ನೊಂದು ಪಟ್ಟಿ ಬರುತ್ತದೆ. ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇದೆ. ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆಂದು ಖಾತೆಗೆ ಹಣ ಹಾಕುವ ಯೋಜನೆ. 2013-14ರಲ್ಲಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಕೊಡುತ್ತಿದ್ದರು. ಹಾಸ್ಟೆಲ್‌ನಲ್ಲಿ ಇದ್ದುಕೊಂಡು ಇದನ್ನೂ ತಗೊಳ್ಳಲು ಬರುವುದಿಲ್ಲ. ನಾಲ್ಕು ಜನ ಗೆಳತಿಯರು ಸೇರಿ ಒಂದು ಮನೆ ಬಾಡಿಗೆ ಹಿಡಿದರೆ ಆ ದುಡ್ಡಿಗೆ ಬೆಲೆ ಬರುತ್ತದೆ. ಆದರೆ ಅದು ತಿಂಗಳು ತಿಂಗಳು ಸರಿಯಾಗಿ ಬಂದುಬಿಡುತ್ತದೆ ಅಂತ ನಂಬಿ ಬಾಡಿಗೆ ಒಪ್ಪಿಕೊಳ್ಳಬೇಡಿ. ಮೊದಲ ಆರು ತಿಂಗಳ ಖರ್ಚು ಮನೆಯಿಂದಲೇ ಅಂದುಕೊಳ್ಳಿ.

ಹುಡುಗಿಯರಿಗೆ ಇನ್ನೊಂದು ದಾರಿ, ದಿನಾ ಓಡಾಡುವುದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ಇಲ್ಲ. ಒಂದು ಕಡೆಗೆ ಒಂದು ಗಂಟೆಯ ದಾರಿಯಾದರೆ ಸರಿ. ಎರಡು ಗಂಟೆಯಾದರೆ ಬೇಡ. ಬಸ್ಸಲ್ಲೇ ಓದ್ತೀನಿ ಅಂತ ಎಲ್ಲರೂ ಹೇಳುತ್ತಾರೆ. ಬಸ್ಸಲ್ಲಿ ಎಲ್ಲರೂ ನಿದ್ದೆ ಮಾಡುತ್ತಾರೆ.

ಮಠದ ಹಾಸ್ಟೆಲ್ ಹೇಗಿರುತ್ತೆ? ಬೇರೆಯವರನ್ನು ಸೇರಿಸಿಕೊಳ್ಳುತ್ತಾರಾ?

ಮಠದಿಂದ ಮಠಕ್ಕೆ ಬೇರೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಡುತ್ತಾ ಬಂದಿದ್ದಾರೆ. ಶಿವಕುಮಾರ ಸ್ವಾಮೀಜಿ 2019ರಲ್ಲಿ ಹೋದಾಗ ಅಲ್ಲಿ ಉಂಡು ಓದಿದವರು ಎಲ್ಲೆಲ್ಲಿಂದಲೋ ಬಂದು ಸಾಲು ನಿಂತಿದ್ದರು. ಧಾರವಾಡದ ಮುರುಘಾಮಠ, ಮೈಸೂರಿನಲ್ಲಿ ಸುತ್ತೂರು ಮಠದ ಹಾಸ್ಟೆಲ್ ಕೂಡ ಹಳೆಯವು. ನಮ್ಮ ಕಡೆ ಇವನ್ನು ಪ್ರಸಾದ ನಿಲಯ ಅನ್ನುತ್ತಾರೆ.

ಅದಕ್ಕೂ ಹಿಂದೆ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯಲ್ಲಿ ಉಂಡು ಓದಿದವರು. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಮೆಸ್ ಸಾರು ನೀರು ನೀರಾಗಿದೆ ಅಂತ ಬೈಯುವಾಗ ನನಗೆ ಇದು ನೆನಪಾಗುತ್ತಿತ್ತು. ಆದರೂ ಬೈಯುತ್ತಿದ್ದೆ.

ಮಠದಲ್ಲಿ ಶಿಸ್ತು ಜಾಸ್ತಿ. ಬೆಳಿಗ್ಗೆ ಬೇಗ ಏಳಬೇಕು, ಪ್ರಾರ್ಥನೆಗೆ ಕೂರಬೇಕು, ತಟ್ಟೆ ತೊಳೆಯಬೇಕು, ಕೆಲವೊಮ್ಮೆ ಬಡಿಸಬೇಕು. ಇದಕ್ಕೆ ಒಗ್ಗುವವರಾದರೆ ಅಲ್ಲಿಗಿಂತ ಒಳ್ಳೆಯ ಜಾಗ ಇಲ್ಲ.

ಬೆಂಗಳೂರಿನಲ್ಲಿ ಪಿಜಿ ಹಿಡಿಯಬೇಕು. ಏನು ನೋಡಬೇಕು?

ರಾತ್ರಿ ಎಂಟಕ್ಕೆ ಹೋಗಿ ನೋಡಿ. ಹಗಲಲ್ಲಿ ಎಲ್ಲ ಪಿಜಿಯೂ ಖಾಲಿ, ಎಲ್ಲವೂ ಚಂದ. ರಾತ್ರಿ ಹೋದರೆ ನಲ್ಲಿಯಲ್ಲಿ ನೀರು ಬರುತ್ತಾ, ಬಚ್ಚಲಿಗೆ ಎಷ್ಟು ಜನ ಕಾಯುತ್ತಾರೆ, ಊಟ ಹೇಗಿದೆ, ಎಲ್ಲ ಗೊತ್ತಾಗುತ್ತದೆ. ಅಲ್ಲಿರುವ ಹುಡುಗರನ್ನೇ ಪಕ್ಕಕ್ಕೆ ಕರೆದು ಕೇಳಿ.

ಬಿಬಿಎಂಪಿ 2024ರಲ್ಲಿ ಪಿಜಿಗಳಿಗೆ ನಿಯಮ ಮಾಡಿತು. ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ ಇರಬೇಕು ಅಂತ. ಇಬ್ಬರ ರೂಮಿಗೆ ನಾಲ್ಕು ಮಂಚ ತುರುಕಿದ್ದು ಕಂಡರೆ ಈ ಲೆಕ್ಕ ನೆನಪಿರಲಿ.

ಬಾಡಿಗೆ ಮೇಲೆ ಜಿಎಸ್‌ಟಿ ಸೇರಿಸಿ ಕೇಳಿದರೆ ಯಾಕೆ ಅಂತ ಕೇಳಿ. 2023ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ ಹಾಸ್ಟೆಲ್, ಪಿಜಿಗೆ 12% ಬೀಳುತ್ತದೆ ಅಂದಿತ್ತು. ಆ ಗಲಾಟೆ ಆದ ಮೇಲೆ 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ವಿನಾಯಿತಿ ಕೊಟ್ಟಿತು. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಒಳಗಿದ್ದು, ಕನಿಷ್ಠ 90 ದಿನ ಸತತವಾಗಿ ಇದ್ದರೆ ತೆರಿಗೆ ಇಲ್ಲ.

ಅಡ್ವಾನ್ಸ್ ಎಷ್ಟು, ಬಿಡುವಾಗ ಅದರಲ್ಲಿ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮೊದಲು ಹೇಳಬೇಕು, ಈ ಮೂರನ್ನೂ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅಂದರೆ ವಾಟ್ಸಾಪ್‌ನಲ್ಲಿ ಕೇಳಿ, ಉತ್ತರ ಅಲ್ಲೇ ಉಳಿಯುತ್ತದೆ.

ಏನೇನು ಸಾಮಾನು ತಗೊಂಡು ಹೋಗಬೇಕು?

ಅಮ್ಮಂದಿರು ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಅವರಿಗೆ ಸೇರುವುದಿಲ್ಲ. ಅರ್ಧ ಸಾಕು.

ಬಕೆಟ್, ಮಗ್, ತಟ್ಟೆ, ಲೋಟ. ಬಕೆಟ್ ಮೇಲೆ ಹೆಸರು ಬರೆಯಿರಿ. ಸ್ಕೆಚ್ ಪೆನ್ನಿನದು ಎರಡು ಸ್ನಾನಕ್ಕೆ ಅಳಿಸಿಹೋಗುತ್ತದೆ, ನೇಲ್ ಪಾಲಿಶ್‌ನಲ್ಲಿ ಬರೆದರೆ ವರ್ಷಗಟ್ಟಲೆ ಇರುತ್ತದೆ. ಒಂದು ಗಟ್ಟಿ ಬೀಗ, ಎರಡು ಕೀ. ಒಂದು ಕೀ ಗೆಳತಿ ಹತ್ತಿರ ಇರಲಿ. ಹಾಸಿಗೆ ಕೊಡುತ್ತಾರಾ ಅಂತ ಮೊದಲೇ ಕೇಳಿ, ಇಲ್ಲವಾದರೆ ಆ ಊರಲ್ಲೇ ಕೊಳ್ಳಿ. ಹೊದಿಕೆ ಮಾತ್ರ ಮನೆಯದೇ ಇರಲಿ. ಅಮ್ಮನ ಹಳೆ ಸೀರೆಯ ಕೌದಿ ಇದ್ದರೆ ಇನ್ನೂ ಒಳ್ಳೆಯದು.

ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಮತ್ತು ಕ್ಲಿಪ್ ಮರೆಯಬೇಡಿ. ಧಾರವಾಡದಂಥ ಊರಲ್ಲಿ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ರೂಮೆಲ್ಲಾ ಹಸಿ ಬಟ್ಟೆ ವಾಸನೆ. ದಪ್ಪ ಜೀನ್ಸ್ ನಾಲ್ಕು ತಂದವರು ಪಟ್ಟ ಪಾಡು ನೋಡಬೇಕಿತ್ತು.

ತಿನ್ನುವುದರಲ್ಲಿ ಚಟ್ನಿಪುಡಿ ಮತ್ತು ಉಪ್ಪಿನಕಾಯಿ ಸಾಕು. ನಮ್ಮ ರೂಮಿನಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕಟಿ ರೊಟ್ಟಿ ಇದ್ದವಳೇ ಮಹಾರಾಣಿ. ಹೆಚ್ಚಿಗೆ ತಂದರೆ ಇರುವೆ ಬರುತ್ತದೆ, ಸೀನಿಯರ್‌ಗಳೂ ಬರುತ್ತಾರೆ.

ಮೂಲ ಅಂಕಪಟ್ಟಿಗಳನ್ನು ಮನೆಯಲ್ಲೇ ಇಡಿ. ಹತ್ತು ಜೆರಾಕ್ಸ್ ಸೆಟ್, ಹತ್ತು ಫೋಟೋ ಕೈಯಲ್ಲಿರಲಿ. ಚಿನ್ನ ಬೇಡ.

ಇಷ್ಟೆಲ್ಲ ಬಸ್ಸಲ್ಲಿ ಒಯ್ಯಬಹುದಾ?

ಕೆಎಸ್ಆರ್‌ಟಿಸಿಯಲ್ಲಿ ಒಬ್ಬರಿಗೆ 30 ಕೆಜಿವರೆಗೆ ಲಗೇಜ್ ಚಾರ್ಜ್ ಇಲ್ಲ. ಅಪ್ಪ, ಅಮ್ಮ, ಮಗಳು ಮೂವರು ಹೋದರೆ ಧಾರಾಳವಾಯ್ತು. ಕಾರು ಬಾಡಿಗೆ ಮಾಡಿಕೊಂಡು ಹೋಗುವಷ್ಟು ಸಾಮಾನು ಇದ್ದರೆ ಮೇಲಿನ ಉತ್ತರವನ್ನು ಇನ್ನೊಮ್ಮೆ ಓದಿ.

ಹೋದ ದಿನವೇ ಮಾಡಬೇಕಾದ ಕೆಲಸ ಏನು?

ಸಾಮಾನು ಬಿಚ್ಚುವ ಮೊದಲು ರೂಮಿನ ಫೋಟೋ ತೆಗೆಯಿರಿ. ಮುರಿದ ಕಿಟಕಿ, ಕಿತ್ತ ಸ್ವಿಚ್, ಕಾಲು ಅಲ್ಲಾಡುವ ಕುರ್ಚಿ, ಎಲ್ಲ. ಅದನ್ನು ವಾರ್ಡನ್‌ಗೆ ಹೇಳಿ, ರಿಜಿಸ್ಟರ್‌ನಲ್ಲಿ ಬರೆಸಿ. ಇಲ್ಲದಿದ್ದರೆ ವರ್ಷದ ಕೊನೆಗೆ ಅವೆಲ್ಲ ನೀವೇ ಮುರಿದದ್ದು ಅಂತಾಗುತ್ತದೆ.

ಆಮೇಲೆ ಮಂಚ ನೋಡಿ. ಹಾಸಿಗೆಯ ಹೊಲಿಗೆ, ಮಂಚದ ಸಂದು, ಗೋಡೆಯ ಬಿರುಕಿಗೆ ಮೊಬೈಲ್ ಟಾರ್ಚ್ ಬಿಡಿ. ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ತಗಣೆ ಇದೆ ಅಂತ ಅರ್ಥ. ಹಗಲಲ್ಲಿ ಒಂದೂ ಕಾಣುವುದಿಲ್ಲ, ರಾತ್ರಿ ಲೈಟ್ ಆರಿಸಿದ ಮೇಲೆ ಬರುತ್ತವೆ. ರಜೆಯಲ್ಲಿ ರೂಮ್ ತಿಂಗಳುಗಟ್ಟಲೆ ಖಾಲಿ ಇದ್ದರೂ ಸಾಯುವುದಿಲ್ಲ. ಕಬ್ಬಿಣದ ಮಂಚವಾದರೆ ಹೊರಗೆ ಎಳೆದು ಸಂದುಸಂದಿಗೂ ಕುದಿಯುವ ನೀರು ಹೊಯ್ಯಿರಿ. ಒಬ್ಬರ ಮಂಚಕ್ಕೆ ಮಾತ್ರ ಮಾಡಿದರೆ ಪ್ರಯೋಜನವಿಲ್ಲ, ಇಡೀ ರೂಮಿನವರು ಒಂದೇ ದಿನ ಮಾಡಬೇಕು. ನಮ್ಮಲ್ಲಿ ಭಾನುವಾರ ತಗಣೆ ಯುದ್ಧ ಅಂತಲೇ ಇತ್ತು. ಗೆಳೆತನ ಗಟ್ಟಿಯಾಗಿದ್ದೂ ಅಲ್ಲೇ.

ಮೆಸ್ ಬಿಲ್ ತಿಂಗಳು ತಿಂಗಳು ಬೇರೆ ಬೇರೆ ಬರುತ್ತೆ. ಯಾಕೆ?

ಅದು ಡಿವೈಡಿಂಗ್ ಸಿಸ್ಟಮ್. ತಿಂಗಳ ಒಟ್ಟು ಖರ್ಚನ್ನು ಒಟ್ಟು ಊಟದ ದಿನಗಳಿಂದ ಭಾಗಿಸುತ್ತಾರೆ. ಉದಾಹರಣೆಗೆ ರೇಷನ್, ತರಕಾರಿ, ಗ್ಯಾಸ್, ಅಡುಗೆಯವರ ಸಂಬಳ ಸೇರಿ 4,50,000 ಆಯ್ತು ಅನ್ನಿ. ಎಲ್ಲರ ಹಾಜರಿ ಕೂಡಿಸಿದರೆ 4,500 ದಿನ. ಅಲ್ಲಿಗೆ ಒಂದು ದಿನಕ್ಕೆ 100 ರೂಪಾಯಿ. ನೀವು 26 ದಿನ ಇದ್ದರೆ 2,600.

ಹಬ್ಬದ ತಿಂಗಳಲ್ಲಿ ಎಲ್ಲರೂ ಊರಿಗೆ ಹೋದರೆ ದಿನದ ರೇಟ್ ಏರುತ್ತದೆ. ಅಡುಗೆಯವರ ಸಂಬಳ ಅಷ್ಟೇ ಇರುತ್ತದಲ್ಲ. ಊರಿಗೆ ಹೋಗುವಾಗ ಮೆಸ್ ಕಟ್ ಬರೆಸಿ ಹೋಗಿ. ಎಷ್ಟು ದಿನ ಮೊದಲು ಹೇಳಬೇಕು, ಕನಿಷ್ಠ ಎಷ್ಟು ದಿನ ಇರಬಾರದು ಅನ್ನುವುದು ಆಯಾ ಹಾಸ್ಟೆಲ್ ನಿಯಮ. ಬರೆಸದೆ ಹೋದರೆ ಊಟ ಮಾಡದೆಯೂ ದುಡ್ಡು ಕಟ್ಟಬೇಕು. ಮೆಸ್ ಕಮಿಟಿಗೆ ಹೆಸರು ಕೊಡಿ. ಬೆಳಿಗ್ಗೆ ಮಾರ್ಕೆಟ್‌ಗೆ ಹೋಗಿ ಟೊಮೆಟೊ ರೇಟ್ ನೋಡಿ ಬಂದವರು ಸಾರಿನ ಬಗ್ಗೆ ಸ್ವಲ್ಪ ಕಡಿಮೆ ಮಾತಾಡುತ್ತಾರೆ.

ರ‍್ಯಾಗಿಂಗ್ ಇರುತ್ತಾ?

ಇರಬಾರದು. ಇದ್ದರೆ ಸಹಿಸಬಾರದು. ಯುಜಿಸಿ 2009ರಲ್ಲಿ ಇದಕ್ಕೆಂದೇ ನಿಯಮ ತಂದಿದೆ. ಸೇರುವಾಗ ನೀವೂ, ಅಪ್ಪ-ಅಮ್ಮನೂ ರ‍್ಯಾಗಿಂಗ್ ಮಾಡುವುದಿಲ್ಲ ಅಂತ ಮುಚ್ಚಳಿಕೆ ಕೊಡುತ್ತೀರಲ್ಲ, ಅದು ಅದರಿಂದ ಬಂದದ್ದು. ಸುಮ್ನೆ ಸಹಿ ಹಾಕುವ ಕಾಗದ ಅಂದುಕೊಳ್ಳಬೇಡಿ. ಮೊದಲ ವರ್ಷದವರನ್ನು ಆದಷ್ಟು ಬೇರೆ ಬ್ಲಾಕ್‌ನಲ್ಲಿ ಇಡಬೇಕು ಅಂತಲೂ ಅದರಲ್ಲಿದೆ. ದೇಶಕ್ಕೆಲ್ಲ ಒಂದೇ ಸಹಾಯವಾಣಿ: 1800-180-5522. ದಿನದ 24 ಗಂಟೆಯೂ ಇರುತ್ತದೆ. ಫೋನಿನಲ್ಲಿ ಈಗಲೇ ಸೇವ್ ಮಾಡಿಕೊಳ್ಳಿ.

ಹೆಸರು ಕೇಳಿದರೆ, ಊರು ಕೇಳಿದರೆ, ಒಂದು ಹಾಡು ಹೇಳು ಅಂದರೆ ಏನು ಮಾಡೋದು ಅಂತ ಒಬ್ಬ ಹುಡುಗ ಕೇಳಿದ. ಹೆಸರು, ಊರು ಹೇಳಪ್ಪ, ಅದು ಪರಿಚಯ. ಹಾಡಲು ಮನಸ್ಸಿಲ್ಲದಿದ್ದರೆ ಬೇಡ ಅನ್ನು. ಬೇಡ ಅಂದ ಮೇಲೂ ಒತ್ತಾಯ ಮಾಡಿದರೆ, ರಾತ್ರಿ ರೂಮಿಗೆ ಕರೆದರೆ, ಬಟ್ಟೆ ಒಗೆಸಿದರೆ, ರೆಕಾರ್ಡ್ ಬರೆಸಿದರೆ, ಕೈ ಮಾಡಿದರೆ ಅದು ತಮಾಷೆ ಅಲ್ಲ.

ರೂಮ್‌ಮೇಟ್ ಜೊತೆ ಹೊಂದುತ್ತಿಲ್ಲ.

ಒಂದು ತಿಂಗಳು ನೋಡಿ. ಜಾಸ್ತಿ ಜಗಳ ಆಗುವುದು ಲೈಟಿಗೆ, ಫ್ಯಾನಿಗೆ, ಫೋನಿಗೆ. ರಾತ್ರಿ ಎಷ್ಟಕ್ಕೆ ಲೈಟ್ ಆರಿಸಬೇಕು ಅಂತ ಮೊದಲ ವಾರವೇ ಮಾತಾಡಿಕೊಂಡರೆ ಅರ್ಧ ಜಗಳ ಮುಗಿಯಿತು. ಸ್ಪೀಕರ್ ಹಾಕಿ ಮಾತಾಡುವವರಿಗೆ ಇಯರ್‌ಫೋನ್ ಕೊಡಿಸಿ. ಕಳ್ಳತನ, ಜಾತಿ ಎತ್ತಿ ಮಾತಾಡುವುದು, ಕೈ ಮಾಡುವುದು ಇದ್ದರೆ ಮಾತ್ರ ತಿಂಗಳು ಕಾಯಬೇಡಿ, ಅದೇ ದಿನ ವಾರ್ಡನ್‌ಗೆ ಬರೆದು ಕೊಡಿ.

ಮಗಳು ದಿನಾ ಅಳುತ್ತಾಳೆ. ವಾಪಸ್ ಕರಕೊಂಡು ಬರಲಾ?

ಹದಿನೈದು ದಿನ ತಡೆಯಿರಿ. ನಾನು ನೋಡಿದ ಮಟ್ಟಿಗೆ ಹಾಸ್ಟೆಲ್ ಬಿಟ್ಟು ಹೋದವರಲ್ಲಿ ಹೆಚ್ಚಿನವರು ಮೊದಲ ಎರಡು ವಾರದಲ್ಲೇ ಹೋದವರು. ಮೊದಲ ಶನಿವಾರವೇ ಊರಿಗೆ ಕರೆಸಿಕೊಂಡರೆ ಸೋಮವಾರ ಮತ್ತೆ ಹೊಸದಾಗಿ ಹೋದಂತೆ. ನಾನೂ ಅತ್ತಿದ್ದೇನೆ, ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು. ಹೊರಗೆ ಬಂದರೆ ಪಕ್ಕದ ಬಚ್ಚಲಿಂದ ಇನ್ನೊಬ್ಬಳು ಕೆಂಪು ಕಣ್ಣಲ್ಲಿ ಬಂದಳು. ಇಬ್ಬರೂ ಏನೂ ಮಾತಾಡದೆ ಟೀ ಕುಡಿಯಲು ಹೋದೆವು.

ದಿನಕ್ಕೊಂದು ಫೋನ್ ಸಾಕು. ಅದೂ ರಾತ್ರಿ ಊಟ ಆದ ಮೇಲೆ. "ಊಟ ಆಯ್ತಾ, ಚೆನ್ನಾಗಿತ್ತಾ, ಅಯ್ಯೋ ಪಾಪ" ಅಂತ ಕೇಳಬೇಡಿ. ಇವತ್ತು ಯಾರ ಜೊತೆ ಊಟ ಮಾಡಿದೆ ಅಂತ ಕೇಳಿ. ಒಂದು ಹೆಸರು ಹೇಳಿದಳು ಅಂದರೆ ನಿಮ್ಮ ಚಿಂತೆ ಅರ್ಧ ಇಳಿಯಿತು.

ಆದರೆ ಊಟ ಬಿಟ್ಟಿದ್ದಾಳೆ, ನಿದ್ದೆ ಇಲ್ಲ, ಕ್ಲಾಸಿಗೂ ಹೋಗುತ್ತಿಲ್ಲ, ಬದುಕೇ ಬೇಡ ಅನ್ನುವ ಥರ ಮಾತಾಡುತ್ತಾಳೆ ಅಂದರೆ ನನ್ನ ಹದಿನೈದು ದಿನದ ಲೆಕ್ಕ ಮರೆತುಬಿಡಿ. ಅವತ್ತೇ ಬಸ್ ಹತ್ತಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ರೂಮಿನಲ್ಲಿ ನೀರು ಕಾಯಿಸುವ ಕಾಯಿಲ್ ಇಟ್ಟುಕೊಳ್ಳಬಹುದಾ?

ಬಹುತೇಕ ಕಡೆ ಇಲ್ಲ. ಸಿಕ್ಕಿಬಿದ್ದರೆ ಕಿತ್ತುಕೊಳ್ಳುತ್ತಾರೆ, ದಂಡವೂ ಇದೆ. ಹಳೆಯ ವೈರಿಂಗ್, ಒದ್ದೆ ನೆಲ, ಪ್ಲಾಸ್ಟಿಕ್ ಬಕೆಟ್. ಶಾಕ್ ಹೊಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ, ತಮಾಷೆ ಮಾಡಬೇಡಿ.

ಹುಡುಗಿಯರ ಹಾಸ್ಟೆಲ್‌ಗೆ ಗೇಟ್ ಇಷ್ಟು ಬೇಗ ಯಾಕೆ ಹಾಕ್ತಾರೆ?

ಸುರಕ್ಷತೆಗೆ ಅನ್ನುತ್ತಾರೆ. ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ಲೈಬ್ರರಿ ತೆರೆದೇ ಇರುತ್ತದೆ, ಹುಡುಗರು ಕೂತು ಓದುತ್ತಿರುತ್ತಾರೆ, ನಾವು ಪುಸ್ತಕ ಮಡಚಿ ಓಡುತ್ತಿದ್ದೆವು. ಒಬ್ಬೊಬ್ಬರೇ ಹೋಗಿ ಜಗಳ ಆಡಿದರೆ ಏನೂ ಆಗಲ್ಲ. ನಾವು ಅರವತ್ತು ಜನ ಸಹಿ ಹಾಕಿ, "ಲೈಬ್ರರಿಗೆ ಹೋಗುವವರಿಗೆ ಮಾತ್ರ, ರಿಜಿಸ್ಟರ್‌ನಲ್ಲಿ ಬರೆದು" ಅಂತ ಕೇಳಿದೆವು. ಒಂದು ಗಂಟೆ ಜಾಸ್ತಿ ಸಿಕ್ಕಿತು. ಕಡಿಮೆಯೇ, ಆದರೆ ಪರೀಕ್ಷೆ ತಿಂಗಳಲ್ಲಿ ಅದು ದೊಡ್ಡದು.

ಒಂದು ಸಲ ಸೇರಿದರೆ ಮೂರೂ ವರ್ಷಕ್ಕೆ ಆಯ್ತಾ?

ಇಲ್ಲ, ಪ್ರತಿ ವರ್ಷ ನವೀಕರಣ ಮಾಡಿಸಬೇಕು. ಸೆಮಿಸ್ಟರ್ ಮುಗಿದ ಖುಷಿಯಲ್ಲಿ ಮರೆತು ಊರಿಗೆ ಹೋದವರ ಮಂಚ ಬೇರೆಯವರಿಗೆ ಹೋಗಿರುತ್ತದೆ.

ಕೊನೆಗೆ ಬಿಡುವಾಗ ಡೆಪಾಸಿಟ್ ವಾಪಸ್ ಬರುತ್ತಾ?

ರಸೀದಿ ಇದ್ದರೆ ಬರುತ್ತದೆ. ನನ್ನದು ಎರಡನೇ ವರ್ಷವೇ ಕಳೆದುಹೋಯಿತು. ಒಂದು ಹಾಸ್ಟೆಲ್‌ನವರು ಮೂಲ ರಸೀದಿ ಇಲ್ಲದೆ ಕೊಡುವುದಿಲ್ಲ ಅಂದರು, ಕೊಡಲೂ ಇಲ್ಲ. ಕಟ್ಟಿದ ದಿನವೇ ಫೋಟೋ ತೆಗೆದು ಅಪ್ಪನ ಫೋನಿಗೂ ಕಳಿಸಿ. ಬಿಡುವಾಗ ಮೆಸ್, ಲೈಬ್ರರಿ, ಆಫೀಸ್ ಮೂರು ಕಡೆಯೂ ನೋ ಡ್ಯೂ ಸಹಿ ಮಾಡಿಸಬೇಕು. ಟಿ.ಸಿ. ತಗೊಳ್ಳುವ ದಿನ ಇದನ್ನು ಮಾಡುತ್ತೇನೆ ಅಂದರೆ ಆ ದಿನ ಮೂವರಲ್ಲಿ ಒಬ್ಬರು ರಜೆ ಹಾಕಿರುತ್ತಾರೆ. ಒಂದು ವಾರ ಮುಂಚೆಯೇ ಹೋಗಿ.